ಕೋಟೆ ಕಟ್ಟಿದ ಊರಿಗಿಂತ ಸಂತೆ ಕಟ್ಟಿದ ಊರು ಯಾಕೆ ದೊಡ್ಡದಾಯಿತು?

ಚಿತ್ರದುರ್ಗದಲ್ಲಿ ದಾವಣಗೆರೆ ಬಸ್ಸು ಹತ್ತಿದರೆ ಅರವತ್ತು ಕಿಲೋಮೀಟರ್ ದಾರಿ. ಕಿಟಕಿ ಪಕ್ಕ ಕೂತರೆ ಮೊದಲು ಬಂಡೆ ಬೆಟ್ಟಗಳು, ಬೆಟ್ಟದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು. ಆಮೇಲೆ ಸಿರಿಗೆರೆ ಕ್ರಾಸು, ಭರಮಸಾಗರ, ಆನಗೋಡು. ಅಷ್ಟು ಹೊತ್ತಿಗೆ ಬಸ್ಸು ನಿಧಾನವಾಗಿ ತಗ್ಗಿಗೆ ಇಳಿದಿರುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ದುರ್ಗದ ಊರು ಸಮುದ್ರ ಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ದಾವಣಗೆರೆ ಸುಮಾರು 600 ಮೀಟರ್. ಒಂದು ಗಂಟೆ ಪ್ರಯಾಣದಲ್ಲಿ ನೂರಾಮೂವತ್ತು ಮೀಟರ್ ಇಳಿಜಾರು.

ಈ ನೂರಾಮೂವತ್ತು ಮೀಟರ್ ನೆನಪಿಟ್ಟುಕೊಳ್ಳಿ. ಎರಡು ಊರಿನ ಕತೆಯಲ್ಲಿ ಇದಕ್ಕೆ ದೊಡ್ಡ ಪಾತ್ರ ಇದೆ.

ನಾನು ಎರಡೂ ಊರಿಗೆ ಸೇರಿದವನು. ಅಜ್ಜಿ ಮನೆ ಹೊಳಲ್ಕೆರೆ ಕಡೆ, ಓದು ಮತ್ತು ಕೆಲಸ ದಾವಣಗೆರೆ. ಚಿಕ್ಕಂದಿನಿಂದ ಒಂದು ಪ್ರಶ್ನೆ ಕಾಡುತ್ತಿತ್ತು. ಪಾಠದ ಪುಸ್ತಕದಲ್ಲಿ ಇರೋದು ದುರ್ಗ. ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಓಬವ್ವ, ಎಲ್ಲಾ ಅಲ್ಲೇ. ಜಿಲ್ಲಾ ಕಚೇರಿಯೂ ಅಲ್ಲೇ ಇತ್ತು. ದಾವಣಗೆರೆ ಆಗ ಅದೇ ಜಿಲ್ಲೆಯ ಒಂದು ತಾಲ್ಲೂಕು. ಆದರೂ ಬಟ್ಟೆ ತರಬೇಕು, ಆಸ್ಪತ್ರೆಗೆ ತೋರಿಸಬೇಕು, ಕಾಲೇಜು ಸೇರಬೇಕು ಅಂದರೆ ಮನೆಯಲ್ಲಿ ಎಲ್ಲರ ಬಾಯಲ್ಲೂ ದಾವಣಗೆರೆ. ಜಿಲ್ಲೆಗೆ ಯಜಮಾನ ಒಬ್ಬ, ಮನೆ ನಡೆಸೋನು ಇನ್ನೊಬ್ಬ ಅನ್ನೋ ಹಾಗಿತ್ತು.

ಜನಗಣತಿಯ ಲೆಕ್ಕ ನೋಡೋಣ. 1901ರಲ್ಲಿ ದಾವಣಗೆರೆಯಲ್ಲಿ ಇದ್ದವರು ಹತ್ತು ಸಾವಿರ ಚಿಲ್ಲರೆ ಜನ. ಚಿತ್ರದುರ್ಗ ಪಟ್ಟಣದಲ್ಲಿ ಸುಮಾರು ಆರು ಸಾವಿರ. 2011ಕ್ಕೆ ದಾವಣಗೆರೆ ನಗರದಲ್ಲಿ 4.35 ಲಕ್ಷ, ಚಿತ್ರದುರ್ಗದಲ್ಲಿ 1.45 ಲಕ್ಷ. ಅಂದರೆ ನೂರು ವರ್ಷದ ಹಿಂದೆ ದಾವಣಗೆರೆ ಎರಡು ಪಟ್ಟೂ ಇರಲಿಲ್ಲ, ಈಗ ಮೂರು ಪಟ್ಟು.

ಇದನ್ನು ನೋಡಿ ದಾವಣಗೆರೆ ಓಡಿತು, ದುರ್ಗ ನಿಂತೇಬಿಟ್ಟಿತು ಅಂತ ಅನಿಸಬಹುದು. ಆದರೆ ಸ್ವಲ್ಪ ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಆ 110 ವರ್ಷದಲ್ಲಿ ದಾವಣಗೆರೆ ವರ್ಷಕ್ಕೆ ಸರಾಸರಿ ಮೂರೂವರೆ ಪರ್ಸೆಂಟ್ ಬೆಳೆದಿದೆ. ದುರ್ಗ ಸುಮಾರು ಮೂರು ಪರ್ಸೆಂಟ್. ವ್ಯತ್ಯಾಸ ಬರೀ ಅರ್ಧ ಪರ್ಸೆಂಟ್! ಒಂದು ವರ್ಷದಲ್ಲಿ ಯಾರ ಕಣ್ಣಿಗೂ ಬೀಳದಷ್ಟು ಸಣ್ಣದು. ಆದರೆ ಇದು ಬಡ್ಡಿ ಮೇಲೆ ಬಡ್ಡಿ ಕೂಡಿದ ಹಾಗೆ. ಈ ವೇಗದಲ್ಲಿ ದಾವಣಗೆರೆ ಇಪ್ಪತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಯಿತು, ದುರ್ಗ ಇಪ್ಪತ್ಮೂರು–ಇಪ್ಪತ್ನಾಲ್ಕು ವರ್ಷಕ್ಕೊಮ್ಮೆ. ಮೂರ್ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಅಂತರ ಇಷ್ಟು ಅಗಲವಾಯಿತು. ನಗರದ ಎಲ್ಲೆ ಆಗಾಗ ಹಿಗ್ಗಿ ಅಕ್ಕಪಕ್ಕದ ಹಳ್ಳಿಗಳು ಸೇರಿಕೊಂಡಿವೆ, ಆ ಮಾತು ಎರಡೂ ಊರಿಗೆ ಅನ್ವಯಿಸುತ್ತದೆ.

ಇನ್ನೊಂದು ಸಂಗತಿ. 2001ರಿಂದ 2011ರ ನಡುವೆ ಎರಡೂ ಊರು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಬೆಳೆದಿವೆ, ಹತ್ತು ವರ್ಷಕ್ಕೆ ಇಪ್ಪತ್ತು ಪರ್ಸೆಂಟ್ ಹತ್ತಿರ. ಆದರೆ ಆ ಇಪ್ಪತ್ತು ಪರ್ಸೆಂಟ್ ಅಂದರೆ ದಾವಣಗೆರೆಯಲ್ಲಿ ಎಪ್ಪತ್ತು ಸಾವಿರ ಜನ, ದುರ್ಗದಲ್ಲಿ ಇಪ್ಪತ್ಮೂರು ಸಾವಿರ. ಮೊದಲೇ ದೊಡ್ಡದಾಗಿದ್ದ ಊರಿನ ಜೊತೆ ಅದೇ ಪರ್ಸೆಂಟಿನಲ್ಲಿ ಬೆಳೆದರೂ ಅಂತರ ಹೆಚ್ಚುತ್ತಲೇ ಹೋಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಆ ಮೊದಲ ಅರ್ಧ ಪರ್ಸೆಂಟ್ ಎಲ್ಲಿಂದ ಬಂತು?

ಎಲ್ಲೆ ಹಿಗ್ಗುವುದನ್ನು ಬಿಟ್ಟರೆ ಒಂದು ಊರಿನ ಜನಸಂಖ್ಯೆ ಬದಲಾಗುವುದು ನಾಲ್ಕೇ ದಾರಿಯಲ್ಲಿ. ಹುಟ್ಟು, ಸಾವು, ಬಂದು ನೆಲೆಸುವುದು, ಬಿಟ್ಟು ಹೋಗುವುದು. ಪಕ್ಕಪಕ್ಕದ ಎರಡು ಊರಲ್ಲಿ ಹುಟ್ಟು ಸಾವು ಅಷ್ಟೇನೂ ಬೇರೆ ಇರುವುದಿಲ್ಲ. ಬೇರೆ ಆಗುವುದು ಬರುವವರ ಮತ್ತು ಹೋಗುವವರ ಲೆಕ್ಕ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಗುಳೆ ಅನ್ನೋ ಪದದ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಮಕ್ಕಳು ಮರಿ ಕಟ್ಟಿಕೊಂಡು ಹೊರಡುತ್ತಾರೆ. ಯಾವ ಊರಲ್ಲಿ ವರ್ಷ ಪೂರ್ತಿ ಕೂಲಿ ಸಿಗುತ್ತದೋ ಅಲ್ಲಿ ಇಳಿಯುತ್ತಾರೆ. ಕೆಲವರು ವಾಪಸ್ ಬರುತ್ತಾರೆ, ಕೆಲವರು ಅಲ್ಲೇ ಉಳಿಯುತ್ತಾರೆ. ಊರು ಬೆಳೆಯುವುದು ಹೀಗೆ.

ಈಗ ನೆಲದ ವಿಷಯಕ್ಕೆ ಬರೋಣ.

ಚಿತ್ರದುರ್ಗದ ಬೆಟ್ಟ ಒಂದು ಕಾಲದಲ್ಲಿ ಈ ಸೀಮೆಯ ಅತಿ ದೊಡ್ಡ ಆಸ್ತಿ. ಸುತ್ತ ಬಯಲು, ನಡುವೆ ಒಂದರ ಮೇಲೊಂದು ಪೇರಿಸಿಟ್ಟ ಹಾಗಿರುವ ಬಂಡೆಗಳು. ಶತ್ರು ಬಂದರೆ ಹತ್ತು ಹರಿದಾರಿ ದೂರದಿಂದಲೇ ಕಾಣುತ್ತಾನೆ. ಜನ ಅಲ್ಲಿ ಸೇರಿದ್ದು ಜೀವ ಉಳಿಸಿಕೊಳ್ಳೋಕೆ. ಆದರೆ ಬಂಡೆ ಮೇಲೆ ಜನ ಬದುಕಬೇಕು ಅಂದರೆ ನೀರು ಬೇಕಲ್ಲ? ಅದಕ್ಕೆ ನಾಯಕರ ಕಾಲದಲ್ಲಿ ಮಾಡಿದ ಏರ್ಪಾಡು ನೋಡಿದರೆ ಇವತ್ತಿಗೂ ಕೈ ಮುಗಿಯಬೇಕು ಅನಿಸುತ್ತದೆ. ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅದು ತುಂಬಿ ಹೆಚ್ಚಾದದ್ದು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಮತ್ತೂ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ. ಒಂದು ಹನಿಯೂ ಸುಮ್ನೆ ಹರಿದು ಹೋಗಬಾರದು ಅನ್ನೋ ಹಠ ಆ ಕಲ್ಲುಕಟ್ಟಡದಲ್ಲಿ ಕಾಣುತ್ತದೆ.

ಅದಕ್ಕೂ ಹಿಂದೆ, ನಾಲ್ಕನೇ ಶತಮಾನದಲ್ಲಿ, ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮ ಒಂದು ಬಂಡೆಗಲ್ಲಿನ ಮೇಲೆ ಶಾಸನ ಬರೆಸಿದ. ಅದರಲ್ಲಿ ಹೇಳಿರುವುದು ಕೆರೆ ಕಟ್ಟಿಸಿದ ಮಾತು. ಅಲ್ಲಿ ಅಗೆದಾಗ ರೋಮನ್ ನಾಣ್ಯಗಳೂ ಸಿಕ್ಕಿವೆ. ಅಂದರೆ ಈ ಜಾಗದಲ್ಲಿ ಜನ ನೆಲೆಸಿದ್ದು ಇವತ್ತು ನಿನ್ನೆಯ ಮಾತಲ್ಲ, ಮತ್ತು ಅವತ್ತಿನಿಂದ ಇವತ್ತಿನವರೆಗೆ ಇಲ್ಲಿನ ಮುಖ್ಯ ಮಾತು ನೀರೇ.

ಆದರೆ ಹೊಂಡದ ನೀರಿಗೆ ಒಂದು ಮಿತಿ ಇದೆ. ಅದು ಕೋಟೆ ಒಳಗಿನ ಜನರ ಬಾಯಾರಿಕೆ ತಣಿಸುತ್ತದೆ. ಸಾವಿರಾರು ಎಕರೆ ಗದ್ದೆ ನೆನೆಸಲು ಆಗುವುದಿಲ್ಲ. 1779ರಲ್ಲಿ ದುರ್ಗ ಹೈದರಾಲಿಯ ಕೈ ಸೇರಿತು. ಆಮೇಲೆ ಯುದ್ಧದ ಕಾಲ ಮುಗಿಯಿತು. ಎತ್ತರದ ಬೆಟ್ಟ, ಕಡಿದಾದ ಬಂಡೆ, ಕಿರಿದಾದ ಬಾಗಿಲುಗಳು ಹಾಗೇ ಇದ್ದವು. ಅವುಗಳ ಬೆಲೆ ಮಾತ್ರ ಇಳಿಯಿತು. ನೆಲ ಬದಲಾಗಲಿಲ್ಲ, ನೆಲದಿಂದ ಜನರಿಗೆ ಬೇಕಾಗಿದ್ದು ಬದಲಾಯಿತು. ಭೂಗೋಳ ಊರಿನ ಹಣೆಬರಹ ಬರೆಯುತ್ತದೆ ಅನ್ನುವವರು ಈ ಒಂದು ವಿಷಯ ಮರೆಯುತ್ತಾರೆ ಅಂತ ನನ್ನ ಅನಿಸಿಕೆ. ಅದೇ ಬೆಟ್ಟ ಒಂದು ಶತಮಾನದಲ್ಲಿ ಜನರನ್ನು ಕರೆಯುತ್ತದೆ, ಇನ್ನೊಂದು ಶತಮಾನದಲ್ಲಿ ಸುಮ್ನೆ ನಿಲ್ಲುತ್ತದೆ.

ದಾವಣಗೆರೆಗೆ ಬೆಟ್ಟವೂ ಇಲ್ಲ, ಕೋಟೆಯೂ ಇಲ್ಲ. ಹೈದರಾಲಿ ಕಾಲಕ್ಕೆ ಅದು ಪಕ್ಕದ ಬೇತೂರಿನ ನೆರಳಲ್ಲಿದ್ದ ಸಣ್ಣ ಹಳ್ಳಿ. ಕುದುರೆ, ದನ ಕಟ್ಟುವ ದಾವಣಿಯಿಂದ ದಾವಣಿಕೆರೆ ಅನ್ನೋ ಹೆಸರು ಬಂತು ಅಂತ ಜನ ಹೇಳುತ್ತಾರೆ. ದಾರಿಹೋಕರು ತಂಗುವ ಕೆರೆ. ಹೈದರಾಲಿ ಈ ಹಳ್ಳಿಯನ್ನು ಅಪೋಜಿರಾಮ ಅನ್ನುವ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಅಪೋಜಿರಾಮ ಮಾಡಿದ ಕೆಲಸ ಕೋಟೆ ಕಟ್ಟುವಷ್ಟು ಭವ್ಯವಾದದ್ದೇನಲ್ಲ. ವ್ಯಾಪಾರಸ್ಥರನ್ನು ಕರೆದು ಇಲ್ಲಿ ಬಂದು ಅಂಗಡಿ ಹಾಕಿ ಅಂದ, ಅವರಿಗೆ ಉತ್ತೇಜನ ಕೊಟ್ಟ. ಅವನಿಗೆ ವಾರಸುದಾರರು ಇರಲಿಲ್ಲ. ಅವನು ತೀರಿಕೊಂಡ ಮೇಲೂ ಟಿಪ್ಪು ಅದನ್ನು ಮುಂದುವರೆಸಿದ. ಪೇಟೆ ನಿಂತಿತು.

ಆ ಪೇಟೆ ಅಲ್ಲೇ ಯಾಕೆ ನಿಂತಿತು ಅಂತ ನಕಾಶೆ ನೋಡಿದರೆ ತಿಳಿಯುತ್ತದೆ. ದಾವಣಗೆರೆ ಮೂರು ಸೀಮೆಗಳ ಹೊಲಿಗೆ ಮೇಲೆ ಕೂತಿದೆ. ಪಶ್ಚಿಮಕ್ಕೆ ಮಲೆನಾಡು, ಅಲ್ಲಿಂದ ಅಡಿಕೆ, ಮೆಣಸು. ಪೂರ್ವಕ್ಕೆ ಬಯಲುಸೀಮೆ, ಅಲ್ಲಿಂದ ಕುರಿ, ಉಣ್ಣೆ, ಕಂಬಳಿ, ಕಾಳುಕಡಿ. ಉತ್ತರಕ್ಕೆ ತುಂಗಭದ್ರೆ ದಾಟಿದರೆ ಧಾರವಾಡ, ಮರಾಠರ ಸೀಮೆ. ಒಂದೊಂದು ಕಡೆ ಬೆಳೆಯುವುದು ಇನ್ನೊಂದು ಕಡೆ ಸಿಗುವುದಿಲ್ಲ. ಎತ್ತಿನ ಗಾಡಿಗಳು ಎಲ್ಲೋ ಒಂದು ಕಡೆ ಎದುರಾಗಿ ಸರಕು ಬದಲಾಯಿಸಿಕೊಳ್ಳಲೇಬೇಕು. ಸ್ಕಾಟ್ಲೆಂಡಿನ ಪ್ರವಾಸಿ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇಲ್ಲಿಗೆ ಬಂದಾಗ ಕಂಬಳಿ ನೇಯ್ಗೆ, ವ್ಯಾಪಾರದ ಬಗ್ಗೆ ಬರೆದಿಟ್ಟ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ತಮಿಳುನಾಡಿನ ವಾಲಾಜಾಪೇಟೆವರೆಗೆ ಹೋಗುತ್ತಿತ್ತು.

ಹಾಗಾದರೆ ಹರಿಹರ ಯಾಕೆ ದೊಡ್ಡದಾಗಲಿಲ್ಲ? ನ್ಯಾಯವಾದ ಪ್ರಶ್ನೆ. ದಾವಣಗೆರೆಯಿಂದ ಬರೀ ಹದಿನಾಲ್ಕು ಕಿಲೋಮೀಟರ್, ತುಂಗಭದ್ರೆಯ ದಂಡೆ ಮೇಲೇ ಇದೆ. ಹೊಯ್ಸಳರ ಕಾಲದ ಹರಿಹರೇಶ್ವರ ದೇವಸ್ಥಾನ ಇದೆ. 1868ರಲ್ಲೇ ಹೊಳೆಗೆ ಹದಿನಾಲ್ಕು ಕಮಾನಿನ ಸೇತುವೆ ಬಂತು. ಆದರೂ 2011ರಲ್ಲಿ ಜನ 83 ಸಾವಿರ. ನನ್ನ ಓದಿಗೆ ತಿಳಿದ ಮಟ್ಟಿಗೆ ಹರಿಹರ ದಾಟುವ ಜಾಗವಾಗಿ ಉಳಿಯಿತು, ದಾವಣಗೆರೆ ನಿಲ್ಲುವ ಜಾಗವಾಯಿತು. ಅಂದಿನ ಮೈಸೂರು ರಾಜ್ಯದ ಗಡಿ ಹೊಳೆಯೇ ಆಗಿತ್ತು. ದಲಾಲಿ ಅಂಗಡಿ, ಗೋದಾಮು, ಸಾಲ ಕೊಡುವವರು, ತೂಕ ಮಾಡುವವರು ಆಗಲೇ ದಾವಣಗೆರೆಯಲ್ಲಿ ಬೇರು ಬಿಟ್ಟಿದ್ದರು. ಒಂದು ಮಂಡಿ ಇದ್ದ ಕಡೆ ಎರಡನೇ ಮಂಡಿ ಬರುತ್ತದೆ, ಯಾಕೆಂದರೆ ಕೊಳ್ಳುವವರು ಅಲ್ಲೇ ಇರುತ್ತಾರೆ. ರೈತನೂ ನಾಲ್ಕು ಅಂಗಡಿ ಇರುವ ಕಡೆಗೇ ಗಾಡಿ ಹೊಡೆಯುತ್ತಾನೆ, ರೇಟು ವಿಚಾರಿಸಬಹುದಲ್ವಾ.

ಆಮೇಲೆ ಬಂದದ್ದು ರೈಲು.

1876ರಿಂದ 78ರವರೆಗಿನ ಬರಗಾಲವನ್ನು ಹಿರಿಯರು ಧಾತು ಈಶ್ವರ ಬರ ಅಂತ ಕರೆಯುತ್ತಿದ್ದರು, ಆ ಎರಡು ಸಂವತ್ಸರದ ಹೆಸರಲ್ಲಿ. ಮೈಸೂರು ರಾಜ್ಯದ ಜನಸಂಖ್ಯೆ 1871ರಲ್ಲಿ ಐವತ್ತು ಲಕ್ಷ ಇದ್ದದ್ದು 1881ಕ್ಕೆ ನಲವತ್ತೆರಡು ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಹುಟ್ಟಿದವರನ್ನೂ ಸೇರಿಸಿಕೊಂಡು ಎಂಟು ಲಕ್ಷ ಕಮ್ಮಿ. ಆ ಅಂಕಿ ಓದುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಒಂದು ಕಡೆ ಕಾಳು ಇದ್ದರೂ ಹಸಿದವರ ಹತ್ತಿರ ಒಯ್ಯಲು ಎತ್ತುಗಳೇ ಸತ್ತಿದ್ದವು. ರೈಲು ಬೇಕೇ ಬೇಕು ಅನ್ನೋ ಮಾತಿಗೆ ಆ ಬರದಿಂದ ಬಲ ಬಂತು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ಅಲ್ಲಿಂದ ತಿಪಟೂರು, ಅರಸೀಕೆರೆ, ಬೀರೂರು, ಚಿಕ್ಕಜಾಜೂರು, ದಾವಣಗೆರೆ ಮುಟ್ಟಿ 1889ರ ಹೊತ್ತಿಗೆ ಹರಿಹರದ ತನಕ ಹಳಿ ಬಂತು. ಆಚೆ ಪುಣೆ ಮಾರ್ಗ ಕೂಡಿಕೊಂಡಿತು.

ಆ ಹಳಿ ಚಿತ್ರದುರ್ಗಕ್ಕೆ ಹೋಗಲಿಲ್ಲ. ಮೂವತ್ತು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ, ಚಿಕ್ಕಜಾಜೂರಿನಲ್ಲೇ ಪಕ್ಕಕ್ಕೆ ಸರಿದು ಹೋಯಿತು. ದುರ್ಗಕ್ಕೆ ಕವಲು ಮಾರ್ಗ ಬಂದದ್ದು 1920ರ ಆಸುಪಾಸಿನಲ್ಲಿ. ಮೂವತ್ತು ವರ್ಷ ತಡ. ಬಂದದ್ದೂ ಅಲ್ಲಿಗೇ ಮುಗಿಯುವ ಹಳಿ. ಬಳ್ಳಾರಿ ಕಡೆಗೆ, ರಾಯದುರ್ಗದ ತನಕ ಅದು ಮುಂದುವರೆದದ್ದು ಎಷ್ಟೋ ದಶಕದ ನಂತರ.

ಚಿಕ್ಕಜಾಜೂರು ಜಂಕ್ಷನ್ ನನಗೆ ಚೆನ್ನಾಗಿ ಗೊತ್ತು. ಅಜ್ಜಿ ಮನೆಗೆ ಹೋಗುವಾಗ ಅಲ್ಲಿ ಇಳಿಯುತ್ತಿದ್ದೆವು. ದೊಡ್ಡ ಗಾಡಿ ಬಂತು ಅಂದರೆ ಪ್ಲಾಟ್‌ಫಾರಂ ತುಂಬ ಗದ್ದಲ. ಅದು ಹೋದ ಮೇಲೆ ದುರ್ಗದ ಕಡೆಯ ಪ್ಯಾಸೆಂಜರ್‌ಗೆ ಕಾಯುವವರು ಮಾತ್ರ ಉಳಿಯುತ್ತಿದ್ದರು. ಕಡಲೆಕಾಯಿ ಮೂಟೆ, ಕೋಳಿ ಪಂಜರ, ತಲೆಗೆ ಟವೆಲ್ ಸುತ್ತಿಕೊಂಡು ಮೂಟೆ ಮೇಲೆ ಒರಗಿದ ಮುದುಕರು. ಗಾಡಿ ಯಾವಾಗ ಅಂತ ಕೇಳಿದರೆ ಬಂದಾಗ ಅಂತಿದ್ದರು. ಆ ಕಾಯುವ ಹೊತ್ತಿಗೆ ದುಡ್ಡಿನ ಬೆಲೆ ಇದೆ ಅಂತ ನನಗೆ ಆಗ ತಿಳಿದಿರಲಿಲ್ಲ. ಒಂದು ಮೂಟೆ ಹತ್ತಿಯನ್ನು ನೇರವಾಗಿ ಪುಣೆ ಕಡೆಗೆ ಕಳಿಸಬಹುದು ಅನ್ನುವ ಊರಿಗೂ, ಮಧ್ಯೆ ಇಳಿಸಿ ಏರಿಸಬೇಕು ಅನ್ನುವ ಊರಿಗೂ ವರ್ತಕ ಒಂದೇ ರೇಟು ಹಾಕುವುದಿಲ್ಲ.

ಗಿರಣಿ ಎಲ್ಲಿ ಬರುತ್ತದೆ ಅನ್ನೋದನ್ನು ಈ ಲೆಕ್ಕವೇ ತೀರ್ಮಾನ ಮಾಡಿತು. ದಾವಣಗೆರೆ ಸುತ್ತಿನ ಎರೆಹೊಲದಲ್ಲಿ ಹತ್ತಿ. ಮಂಡಿಯಲ್ಲಿ ದುಡ್ಡು. ಊರ ಬಾಗಿಲಲ್ಲಿ ರೈಲು. ಮೊದಲು ಹತ್ತಿ ಬಿಡಿಸುವ ಜಿನ್ನುಗಳು, 1930ರ ದಶಕದಿಂದ ದೊಡ್ಡ ಬಟ್ಟೆ ಗಿರಣಿಗಳು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರು ಬಂತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು, ಅದೂ ಹಳಿ ಪಕ್ಕದಲ್ಲೇ. ಸೈರನ್ ಕೂಗಿದರೆ ಸಾವಿರಾರು ಸೈಕಲ್ಲು ರಸ್ತೆಗೆ ಬರುತ್ತಿದ್ದವು ಅಂತ ಆ ಕಾಲದವರು ಹೇಳುತ್ತಾರೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ದಾವಣಗೆರೆ ಜನ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದರು ಅಂದರೆ ಊರಲ್ಲಿ ಗಿರಣಿ ಕಾರ್ಮಿಕರ ಸಂಖ್ಯೆ, ಬಲ ಎಷ್ಟಿತ್ತು ಅಂತ ಊಹಿಸಿ.

ಈಗ ಆ ನೂರಾಮೂವತ್ತು ಮೀಟರ್‌ಗೆ ವಾಪಸ್ ಬರೋಣ. ನನಗೆ ಈ ಇಡೀ ಕತೆಯಲ್ಲಿ ಅತಿ ಮುಖ್ಯ ಅನಿಸುವ ಭಾಗ ಇದು.

ಲಕ್ಕವಳ್ಳಿ ಹತ್ತಿರ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಮುಗಿಯಿತು. ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 650 ಮೀಟರ್‌ಗಿಂತ ತುಸು ಜಾಸ್ತಿ. ದಾವಣಗೆರೆ ಅದಕ್ಕಿಂತ ತಗ್ಗಿನಲ್ಲಿದೆ. ಹಾಗಾಗಿ ನಾಲೆ ತೋಡಿ ಗೇಟು ಎತ್ತಿದರೆ ಸಾಕು, ನೀರು ತಾನಾಗೇ ಹರಿದುಕೊಂಡು ಬರುತ್ತದೆ. ಮೋಟಾರು ಬೇಡ, ಕರೆಂಟು ಬೇಡ. ಚಿತ್ರದುರ್ಗ ಆ ಮಟ್ಟಕ್ಕಿಂತ ಮೇಲಿದೆ. ಅದೇ ಅಣೆಕಟ್ಟಿನ ನೀರು ಅಲ್ಲಿಗೆ ಹೋಗಬೇಕು ಅಂದರೆ ಎತ್ತಬೇಕು. ಆ ಕಾಲದಲ್ಲಿ ಅಷ್ಟು ನೀರು ಎತ್ತುವುದು ಸುಲಭದ ಮಾತಾಗಿರಲಿಲ್ಲ. ಕೋಟೆಗೆ ವರವಾಗಿದ್ದ ಎತ್ತರವೇ ನಾಲೆಗೆ ಅಡ್ಡವಾಯಿತು.

ದುರ್ಗದ ಜಿಲ್ಲೆಗೆ ಅಣೆಕಟ್ಟೇ ಇರಲಿಲ್ಲ ಅಂತಲ್ಲ. ಹಿರಿಯೂರು ಹತ್ತಿರ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರ ಕಟ್ಟಿದ್ದು 1898ರಿಂದ 1907ರ ನಡುವೆ, ಭದ್ರೆಗಿಂತ ಅರ್ಧ ಶತಮಾನ ಮೊದಲು. ನಮ್ಮ ಕಡೆ ಈಗಲೂ ಮಾರಿಕಣಿವೆ ಅಂತಲೇ ಕರೆಯುತ್ತಾರೆ. ಮೂವತ್ತು ಟಿಎಂಸಿ ನೀರು ಹಿಡಿಯುವ ಕೆರೆ. ಎರಡು ಗುಡ್ಡದ ನಡುವಿನ ಕಿರಿದಾದ ಕಣಿವೆಗೆ ಕಲ್ಲು ಗೋಡೆ, ಇಂಜಿನಿಯರ್ ಕಣ್ಣಿಗೆ ಇದಕ್ಕಿಂತ ಒಳ್ಳೆ ಜಾಗ ಬೇರೆ ಬೇಡ. ಆದರೆ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ 2022ರಲ್ಲಿ. ನಡುವೆ 89 ವರ್ಷ! ಭದ್ರೆ ಹುಟ್ಟುವುದು ಪಶ್ಚಿಮ ಘಟ್ಟದ ಜಡಿಮಳೆಯಲ್ಲಿ, ಅದರ ಅಣೆಕಟ್ಟು ಬಹುಪಾಲು ವರ್ಷ ತುಂಬುತ್ತದೆ. ವೇದಾವತಿಯ ನೀರು ಬರುವುದು ಹೆಚ್ಚಾಗಿ ಮಳೆ ನೆರಳಿನ ಸೀಮೆಯಿಂದ. ಗೋಡೆ ಎಷ್ಟು ಗಟ್ಟಿ ಇದ್ದರೂ ಮೋಡ ಬರಬೇಕಲ್ಲ.

ಮೊದಲು ಕಟ್ಟಿದವರೇ ಮುಂದೆ ಹೋಗುತ್ತಾರೆ ಅನ್ನೋ ಮಾತು ಹಾಗಾಗಿ ಅರ್ಧ ಸತ್ಯ. ಕಟ್ಟಿದ್ದಕ್ಕೂ ನೆಲಕ್ಕೂ ಹೊಂದಾಣಿಕೆ ಆದ ಕಡೆ ಮಾತ್ರ ಫಲ ಬಂತು. ಹಿರಿಯೂರಿನ ಅಚ್ಚುಕಟ್ಟಿನವರಿಗೆ ಮಾರಿಕಣಿವೆ ಬದುಕು ಕೊಟ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ವರ್ಷ ನೀರು ಬಿಡುತ್ತಾರೋ ಇಲ್ಲವೋ ಅನ್ನುವ ಅನುಮಾನದಲ್ಲಿ ಯಾರೂ ಅಕ್ಕಿ ಗಿರಣಿಗೆ ಸಾಲ ಎತ್ತುವುದಿಲ್ಲ.

ದಾವಣಗೆರೆಯಲ್ಲಿ ಸಾಲ ಎತ್ತಿದರು. ನಾಲೆ ಬಂದ ಮೇಲೆ ಹೊಲ ಗದ್ದೆಯಾಯಿತು, ವರ್ಷಕ್ಕೆ ಎರಡು ಬೆಳೆ ಭತ್ತ. ಭತ್ತ ಬಂದ ಮೇಲೆ ಅಕ್ಕಿ ಗಿರಣಿ. ಆಮೇಲೆ ಮಂಡಕ್ಕಿ. ಹಳೇ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಬೆಳಿಗ್ಗೆ ಹೊತ್ತು ಹೋಗಿ ನೋಡಿ. ತಗ್ಗಿನ ಮನೆಗಳ ಸಾಲು, ಹೊಗೆ ಹಿಡಿದ ಗೋಡೆ, ಬಯಲಲ್ಲಿ ಒಣಗಲು ಹರವಿದ ನೆನೆಸಿ ಬೇಯಿಸಿದ ಭತ್ತ. ಒಳಗೆ ಕಾದ ಮರಳು. ಅಕ್ಕಿ ಬಿದ್ದ ಕ್ಷಣಕ್ಕೆ ಚಟಪಟ ಸದ್ದು, ಒಂದು ಹಿಡಿ ಹಾಕಿದ್ದು ಮೊರ ತುಂಬ ಅರಳಿಕೊಳ್ಳುತ್ತದೆ. ಬಿಸಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರೆ ನಾಲಗೆ ಮೇಲೆ ಕರಗುತ್ತದೆ. ಒಂದೊಂದು ಭಟ್ಟಿಯಲ್ಲಿ ಇಡೀ ಸಂಸಾರ ದುಡಿಯುತ್ತದೆ. ನೂರಾರು ಭಟ್ಟಿ, ಸಾವಿರಾರು ಜನ. ಅಲ್ಲಿ ಒಬ್ಬ ಹೆಂಗಸನ್ನು ನಿಮ್ಮದು ಯಾವ ಊರಮ್ಮಾ ಅಂತ ಕೇಳಿದ್ದೆ. ಜಗಳೂರು ಕಡೆ, ಮದುವೆ ಆದ ವರ್ಷ ಮಳೆ ಇರಲಿಲ್ಲ, ಬಂದ್ವಿ, ಇಲ್ಲೇ ಉಳಿದ್ವಿ ಅಂದರು. ಜನಗಣತಿಯ ಕಾಲಂನಲ್ಲಿ ಅವರು ಒಂದು ಗೆರೆ.

ಅಂಕಿಗಳೂ ಇದನ್ನೇ ಹೇಳುತ್ತವೆ. ದಾವಣಗೆರೆ ಲಕ್ಷ ದಾಟಿದ್ದು 1971ರ ಗಣತಿಯಲ್ಲಿ. ಮುಂದಿನ ಹತ್ತೇ ವರ್ಷದಲ್ಲಿ, 1981ಕ್ಕೆ, ಎರಡು ಲಕ್ಷದ ಹತ್ತಿರ ಬಂತು. ಗಿರಣಿಯ ಹೊಗೆ, ನಾಲೆಯ ನೀರು ಎರಡೂ ಒಟ್ಟಿಗೆ ಇದ್ದ ಕಾಲ ಅದು.

ಆಮೇಲೆ ಗಿರಣಿಗಳು ಒಂದೊಂದೇ ಮುಚ್ಚಿದವು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಊರು ಬೆಳೆಯಲು ಕಾರಣವಾದದ್ದೇ ಹೋದ ಮೇಲೆ ಊರು ಕುಗ್ಗಬೇಕಿತ್ತು ಅಲ್ವಾ? ಕುಗ್ಗಲಿಲ್ಲ. ಕಾರಣ, ಗಿರಣಿ ಮತ್ತು ಮಂಡಿಯ ದುಡ್ಡು ಅಷ್ಟರೊಳಗೆ ಬೇರೆ ರೂಪ ತಳೆದಿತ್ತು. 1951ರಲ್ಲೇ ಇಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಗಿತ್ತು, ಇಂದಿನ ಯುಬಿಡಿಟಿ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು. ಗಿರಣಿ ಕಾರ್ಮಿಕ ಕೆಲಸ ಕಳೆದುಕೊಂಡ, ಅವನ ಮನೆಯ ಒಂದು ರೂಮು ಕಾಲೇಜು ಹುಡುಗರಿಗೆ ಬಾಡಿಗೆಗೆ ಹೋಯಿತು. ಖಾನಾವಳಿ, ಮೆಡಿಕಲ್ ಶಾಪು, ಆಟೋ, ಲ್ಯಾಬು. ಕಷ್ಟ ಇರಲಿಲ್ಲ ಅನ್ನಲಾರೆ, ಆ ಸಂಸಾರಗಳು ಪಟ್ಟ ಪಾಡು ಸಣ್ಣದಲ್ಲ. ಆದರೆ ಊರು ಒಂದು ಕಾಲು ಮುರಿದಾಗ ಇನ್ನೊಂದು ಕಾಲ ಮೇಲೆ ನಿಂತಿತು. ಊರುಗಳ ಬಗ್ಗೆ ಓದುವವರು ಗಮನಿಸುವ ಸಂಗತಿ ಇದೇ: ಮೊದಲ ಕಾರಣ ಸತ್ತ ಮೇಲೂ ಅದು ತಂದು ಕೂಡಿಸಿದ ಜನ, ದುಡ್ಡು, ಕಟ್ಟಡ, ಕೌಶಲ್ಯ ಉಳಿಯುತ್ತವೆ. ಮುಂದಿನದು ಅದರ ಮೇಲೇ ಬಂದು ಕೂರುತ್ತದೆ.

ಅಧಿಕಾರದ ಕುರ್ಚಿಗೆ ಮಾತ್ರ ನಾವು ಅಂದುಕೊಂಡಷ್ಟು ಶಕ್ತಿ ಇದ್ದಂತಿಲ್ಲ. ದುರ್ಗ ಬ್ರಿಟಿಷರ ಕಾಲದಿಂದ ಜಿಲ್ಲಾ ಕೇಂದ್ರ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ. ಅಷ್ಟೊತ್ತಿಗೆ ಊರಿನ ಗಾತ್ರ ಆಗಲೇ ಬೆಳೆದು ನಿಂತಿತ್ತು. ಬೋರ್ಡು ಆಮೇಲೆ ಬಂತು.

ಹಾಗಂತ ದಾವಣಗೆರೆಯವರೆಲ್ಲ ಸುಖವಾಗಿದ್ದಾರೆ ಅಂತಲ್ಲ. ನಾಲೆಯ ಕೊನೆ ಭಾಗದ ರೈತರು ಪ್ರತಿ ಬೇಸಿಗೆ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ನಮ್ಮ ಮನೆಗೆ ನಲ್ಲಿ ನೀರು ವಾರಕ್ಕೊಮ್ಮೆ ಬಂದ ದಿನಗಳೂ ಇವೆ. ಜಗಳೂರು ಇದೇ ಜಿಲ್ಲೆಯಲ್ಲಿದ್ದರೂ ನೆಲದ ಗುಣದಲ್ಲಿ ದುರ್ಗದ ತಂಗಿ. ಜಿಲ್ಲೆಯ ಗಡಿ ಕಾಗದದ ಮೇಲೆ ಎಳೆಯಬಹುದು, ಮಳೆಗೆ ಅದು ಗೊತ್ತಾಗುವುದಿಲ್ಲ. 2011ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 328 ಜನ, ಚಿತ್ರದುರ್ಗ ಜಿಲ್ಲೆಯಲ್ಲಿ 197.

ಈಗ ಕಾಲ ಮತ್ತೊಮ್ಮೆ ತಿರುಗುತ್ತಿದೆ ಅನಿಸುತ್ತದೆ. ಪುಣೆ ಬೆಂಗಳೂರು ಹೆದ್ದಾರಿ ಎರಡೂ ಊರನ್ನು ಮುಟ್ಟುತ್ತದೆ. ಸೊಲ್ಲಾಪುರ ಮಂಗಳೂರು ಹೆದ್ದಾರಿ ಅದನ್ನು ಅಡ್ಡ ಹಾಯುವುದು ದುರ್ಗದಲ್ಲಿ. ಅಂದರೆ ರೈಲಿನ ಕಾಲದಲ್ಲಿ ತಪ್ಪಿದ ಕೂಡುದಾರಿ ರಸ್ತೆಯ ಕಾಲದಲ್ಲಿ ಅದಕ್ಕೆ ಸಿಕ್ಕಿದೆ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗದ ಕೆಲಸ ನಡೆಯುತ್ತಿದೆ. 1880ರ ದಶಕದಲ್ಲಿ ಬಿಟ್ಟುಹೋದ ಗೆರೆಯನ್ನು ಈಗ ಎಳೆಯುತ್ತಿದ್ದಾರೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನೀರನ್ನು ಎತ್ತಿ, ಅಜ್ಜಂಪುರದ ಹತ್ತಿರ ಸುರಂಗ ದಾಟಿಸಿ ದುರ್ಗದ ಕಡೆಗೆ ತರುವ ಕೆಲಸ ಎಷ್ಟೋ ವರ್ಷದಿಂದ ಸಾಗಿದೆ. 2023ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ಘೋಷಣೆ ಆದಾಗ ನಮ್ಮ ಕಡೆ ಪಟಾಕಿ ಹೊಡೆದವರಿದ್ದಾರೆ. ಆ ದುಡ್ಡಿಗಾಗಿ ಆಮೇಲೆ ಧರಣಿ ಕೂತವರೂ ಅವರೇ. ದುರ್ಗದ ಎತ್ತರವನ್ನು ಮೋಟಾರು ಗೆಲ್ಲಬಹುದು. ಅದಕ್ಕೆ ದುಡ್ಡು ಬೇಕು, ಕರೆಂಟು ಬೇಕು, ಬಿಡದ ಹಠ ಬೇಕು.

ಕಳೆದ ಸಲ ದುರ್ಗದಿಂದ ಬರುವಾಗ ಭರಮಸಾಗರದಲ್ಲಿ ಇಳಿದೆ. ಎರಡೂ ಊರಿಗೆ ಮಧ್ಯದ ಜಾಗ. ಅಲ್ಲಿನ ದೊಡ್ಡ ಕೆರೆ ಬಿಚ್ಚುಗತ್ತಿ ಭರಮಣ್ಣ ನಾಯಕನ ಕಾಲದ್ದು, ಮುನ್ನೂರು ವರ್ಷದ ಕೆರೆ. ನಾನು ಹುಡುಗನಾಗಿದ್ದಾಗ ಅದರ ಅಂಗಳದಲ್ಲಿ ಜಾಲಿ ಬೆಳೆದಿತ್ತು. ಈಗ ಏತ ನೀರಾವರಿಯಲ್ಲಿ ಹರಿಹರದ ಕಡೆಯಿಂದ ತುಂಗಭದ್ರೆ ನೀರು ಎತ್ತಿ ತುಂಬಿಸುತ್ತಿದ್ದಾರೆ. ತಗ್ಗಿನ ಹೊಳೆ ಎತ್ತರದ ಕೆರೆಗೆ ಬಂದಿದೆ. ಏರಿ ಮೇಲೆ ನಿಂತರೆ ಗಾಳಿಗೆ ಅಲೆ ಕಲ್ಲಿಗೆ ಬಡಿಯುವ ಸದ್ದು ಕೇಳಿಸಿತು. ಕೆಳಗಿನ ತೋಟದಲ್ಲಿ ಮೊಣಕಾಲೆತ್ತರದ ಅಡಿಕೆ ಸಸಿಗಳಿದ್ದವು. ಅಡಿಕೆ ಫಲ ಕೊಡಲು ವರ್ಷಗಳು ಬೇಕು. ಊರು ಬಿಡುವ ಯೋಚನೆ ಇರುವವರು ಅದನ್ನು ನೆಡುವುದಿಲ್ಲ.

ಮುಂದಿನ ಜನಗಣತಿ 2027ಕ್ಕೆ ಅಂತ ಹೇಳಿದ್ದಾರೆ. ಪಟ್ಟಿ ಬಂದ ದಿನ ನಾನು ಮೊದಲು ನೋಡುವುದು ದಾವಣಗೆರೆಯದೂ ಅಲ್ಲ, ದುರ್ಗದ್ದೂ ಅಲ್ಲ. ಭರಮಸಾಗರದ ಸಾಲು.